ಆ್ಯಪಲ್ ಮ್ಯೂಸಿಕ್ ಕ್ಲಾಸಿಕಲ್, ದೀರ್ಘ ಬಳಕೆಯ ನಂತರ: ಆರಿಸಲು ಸೈ, ಹಂಚಲು ಚೀಟಿಯೇ ಗತಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಈ ಆ್ಯಪ್ ಬೇಕೇ? ಒಂದೇ ಕೃತಿಯ ಹತ್ತಾರು ರೆಕಾರ್ಡಿಂಗ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಖಂಡಿತ ಬೇಕು. ಆರಿಸಿದ್ದನ್ನು ವರ್ಷಗಟ್ಟಲೆ ಉಳಿಸಿಕೊಳ್ಳಲು, ಇನ್ನೊಬ್ಬರಿಗೆ ದಾಟಿಸಲು ಇದೊಂದನ್ನೇ ನೆಚ್ಚಿಕೊಂಡರೆ ಸಾಲದು. ಐದರಲ್ಲಿ ಅಂಕ ಕೊಡುವುದಾದರೆ ಹುಡುಕಾಟಕ್ಕೆ ನಾಲ್ಕೂವರೆ, ಹಂಚಿಕೆಗೆ ಎರಡೂವರೆ. ಹಂಚಿಕೆಯ ಆ ಕೊರತೆ ಈ ಆ್ಯಪ್ ಒಂದರದ್ದೇ ಅಲ್ಲ, ಸ್ಟ್ರೀಮಿಂಗ್ ಎಂಬ ಏರ್ಪಾಡಿನದ್ದೇ.

ಆ್ಯಪ್ ಐಫೋನ್‌ಗೆ ಬಂದದ್ದು 2023ರ ಮಾರ್ಚ್ 28ರಂದು, ಆ್ಯಂಡ್ರಾಯ್ಡ್‌ಗೆ ಅದೇ ವರ್ಷದ ಮೇ ಕೊನೆಯಲ್ಲಿ. ಇದರ ಬೇರು ಪ್ರೈಮ್‌ಫೋನಿಕ್ ಎಂಬ ಹಳೆಯ ಸೇವೆಯಲ್ಲಿದೆ. ಅದನ್ನು ಆ್ಯಪಲ್ 2021ರ ಆಗಸ್ಟ್‌ನಲ್ಲಿ ಕೊಂಡಿತು, ಸೆಪ್ಟೆಂಬರ್ 7ಕ್ಕೆ ಆ ಸೇವೆ ಬಾಗಿಲು ಹಾಕಿತು. ಈ ದಿನಾಂಕ ಮನಸ್ಸಿನಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ. ಆ್ಯಪಲ್ ಮ್ಯೂಸಿಕ್ ಚಂದಾ ಇದ್ದವರು ಇದಕ್ಕೆಂದು ಬೇರೆ ಹಣ ಕೊಡಬೇಕಿಲ್ಲ.

ಬೇರೆಯದೇ ಆ್ಯಪ್ ಯಾಕೆ ಬೇಕಾಯಿತು ಅಂದರೆ, ಸಾಮಾನ್ಯ ಸಂಗೀತ ಆ್ಯಪ್‌ನಲ್ಲಿ ಇರುವುದು ಮೂರೇ ಖಾನೆ: ಹಾಡು, ಕಲಾವಿದರು, ಆಲ್ಬಂ. ಸಿನಿಮಾ ಹಾಡಿಗೆ ಅಳತೆ ತೆಗೆದು ಹೊಲಿದ ಅಂಗಿ ಅದು. ವಾದ್ಯವೃಂದಕ್ಕೆಂದು ಬರೆದ, ಹಲವು ಭಾಗಗಳ ದೀರ್ಘ ಕೃತಿಯಾದ ಸಿಂಫನಿಗೆ ತೊಡಿಸಿದರೆ ತೋಳು ಸಾಲುವುದಿಲ್ಲ. ರಚನೆಕಾರ, ವಾದ್ಯವೃಂದವನ್ನು ನಡೆಸುವ ಕಂಡಕ್ಟರ್, ಆರ್ಕೆಸ್ಟ್ರಾ ಎಂಬ ಆ ವಾದ್ಯವೃಂದ, ಒಂಟಿಯಾಗಿ ನುಡಿಸುವ ಸೋಲೊ ವಾದಕ ಎಲ್ಲರೂ ‘ಕಲಾವಿದರು’ ಖಾನೆಯಲ್ಲಿ ಒತ್ತಿಕೊಂಡು ಕೂತಿರುತ್ತಾರೆ. ನಾಲ್ಕು ಭಾಗದ ಸಿಂಫನಿ ನಾಲ್ಕು ‘ಹಾಡು’ಗಳಾಗುತ್ತದೆ. ಇಲ್ಲಿ ಅದರ ಬದಲು ಕೃತಿಗೇ ಒಂದು ಪುಟ, ಆ ಪುಟದಡಿ ಅದರ ರೆಕಾರ್ಡಿಂಗ್‌ಗಳೆಲ್ಲ. ಇಷ್ಟು ಸಣ್ಣ ಬದಲಾವಣೆಯೇ ಇಡೀ ಅನುಭವವನ್ನು ಬೇರೆಯಾಗಿಸುತ್ತದೆ.

ಹುಡುಕುವಾಗ ಹೆಸರಿಗಿಂತ ಕ್ಯಾಟಲಾಗ್ ಸಂಖ್ಯೆ (ರಚನೆಕಾರರ ಕೃತಿಗಳ ಪಟ್ಟಿಯಲ್ಲಿ ಆ ಕೃತಿಗೆ ಕೊಟ್ಟ ಸಂಖ್ಯೆ) ಹಾಕುವುದು ಜಾಣತನ. ಮೊಜಾರ್ಟ್‌ಗೆ ಕೆ., ಬಾಖ್‌ಗೆ ಬಿಡಬ್ಲ್ಯುವಿ, ಶೂಬರ್ಟ್‌ಗೆ ಡಿ., ವಿವಾಲ್ಡಿಗೆ ಆರ್‌ವಿ, ಹೈಡನ್‌ಗೆ ಹೊಬೊಕೆನ್, ಬೀಥೋವನ್‌ಗೆ ಓಪಸ್. ಸಿಂಫನಿಯ ಕ್ರಮಸಂಖ್ಯೆಯನ್ನು ಮಾತ್ರ ನಂಬಬೇಡಿ. ಶೂಬರ್ಟ್‌ನ ‘ಗ್ರೇಟ್’ ಸಿ ಮೇಜರ್ ಸಿಂಫನಿ (ಸಿ ಮೇಜರ್ ಎಂಬುದು ಸ್ವರಶ್ರೇಣಿಯ ಹೆಸರು) ಒಂದು ಕಡೆ 9ನೆಯದು, ಇನ್ನೊಂದು ಕಡೆ 8, ಮತ್ತೊಂದು ಕಡೆ 7, ಡಿ. 944 ಎಂದು ಹಾಕಿದರೆ ಜಗಳವೇ ಇಲ್ಲ. ದ್ವೊರ್ಜಾಕ್‌ನ ‘ನ್ಯೂ ವರ್ಲ್ಡ್’ ಈಗ 9ನೆಯದಾದರೂ ಹಳೆಯ ಧ್ವನಿಮುದ್ರಿಕೆಗಳ ರಟ್ಟಿನ ಮೇಲೆ 5 ಎಂದೇ ಇರುತ್ತದೆ. ಓಪಸ್ 95 ಮಾತ್ರ ಬದಲಾಗಿಲ್ಲ. ಹೆಸರು ಟೈಪಿಸುವುದು ರೋಮನ್ ಲಿಪಿಯಲ್ಲಿರಲಿ, ಆ್ಯಪ್‌ನ ಕ್ಯಾಟಲಾಗ್ ಇರುವುದೇ ಹಾಗೆ. ಚೈಕೋವ್‌ಸ್ಕಿ, ರಖ್ಮಾನಿನೋವ್ ಇವರ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ, ಮೊದಲು ರಚನೆಕಾರರ ಪುಟ ತೆರೆದು ಅಲ್ಲಿಂದ ಕೃತಿಗೆ ಇಳಿಯುವುದು ಸುಲಭ.

ಕೃತಿಯ ಪುಟ ತೆರೆದರೆ ಮೇಲ್ತುದಿಯಲ್ಲಿ ಸಂಪಾದಕರು ಆರಿಸಿದ ಒಂದು ರೆಕಾರ್ಡಿಂಗ್ ಕಾಣಿಸುತ್ತದೆ. ಹೊಸಬರು ಅಲ್ಲಿಂದ ಶುರು ಮಾಡಿದರೆ ತಪ್ಪೇನಿಲ್ಲ. ಸಾಮಾನ್ಯವಾಗಿ ಆಯ್ಕೆ ಚೆನ್ನಾಗಿರುತ್ತದೆ. ಆದರೆ ನಿಜವಾದ ಸಾಧನ ಅದರ ಕೆಳಗಿನ ಪಟ್ಟಿಯಲ್ಲಿದೆ, ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ: ಪ್ರತಿ ರೆಕಾರ್ಡಿಂಗ್‌ನ ಅವಧಿ. ಶೂಬರ್ಟ್‌ನ ಕೊನೆಯ ಪಿಯಾನೊ ಸೊನಾಟಾ, ಬಿ ಫ್ಲ್ಯಾಟ್ ಮೇಜರ್, ಡಿ. 960 ತೆಗೆದುಕೊಳ್ಳಿ. ಅದರ ಮೊದಲ ಭಾಗ ಕೆಲವರಲ್ಲಿ 14-15 ನಿಮಿಷ, ಕೆಲವರಲ್ಲಿ 20ರ ಆಸುಪಾಸು. ಹಾಗೆಂದು ಒಬ್ಬರು ಅವಸರದವರು, ಇನ್ನೊಬ್ಬರು ಸಾವಧಾನಿ ಎಂದು ತೀರ್ಮಾನಿಸಿದರೆ ಮೋಸಹೋದಂತೆ. ಆ ಭಾಗದ ಮೊದಲ ಮೂರನೇ ಒಂದರಷ್ಟನ್ನು ಮತ್ತೆ ನುಡಿಸಬೇಕೆಂಬ ಗುರುತು ಸ್ವರಲಿಪಿಯಲ್ಲಿದೆ. ಕೆಲವರು ಪಾಲಿಸುತ್ತಾರೆ, ಕೆಲವರು ಬಿಡುತ್ತಾರೆ. ಬಿಟ್ಟರೆ ಹೋಗುವುದು ಸಮಯವಷ್ಟೇ ಅಲ್ಲ. ಮೊದಲಿಗೆ ಮರಳುವ ದಾರಿಯಲ್ಲಿ ಒಂಬತ್ತು ಬಾರ್‌ಗಳಿವೆ (ಬಾರ್ ಎಂದರೆ ತಾಳದ ಒಂದು ಆವರ್ತದಂಥದ್ದು). ಅದುವರೆಗೆ ಮಂದ್ರದಲ್ಲಿ ದೂರದ ಗುಡುಗಿನಂತೆ ಮೆಲ್ಲಗೆ ಕೇಳುತ್ತಿದ್ದ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳ ವೇಗದ ಕಂಪನ) ಅಲ್ಲಿ ಒಂದೇ ಒಂದು ಸಲ ನೆತ್ತಿಯ ಮೇಲೇ ಗುಡುಗುತ್ತದೆ. ಪುನರಾವರ್ತನೆ ಬಿಟ್ಟ ರೆಕಾರ್ಡಿಂಗ್‌ನಲ್ಲಿ ಆ ಗುಡುಗು ಇರುವುದೇ ಇಲ್ಲ. ಯಾವುದು ನಿಮಗಿಷ್ಟ ಎಂದು ಹೇಳುವ ಮುನ್ನ ನೀವು ಕೇಳಿದ್ದರಲ್ಲಿ ಅದು ಇತ್ತೇ ಎಂದು ನೋಡಿಕೊಳ್ಳಿ.

ವೇಗ, ಪುನರಾವರ್ತನೆ ಎರಡೂ ಸೇರಿ ಅವಧಿ ಬದಲಾಗುವುದೂ ಉಂಟು. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ಸ್ಟುಡಿಯೋದಲ್ಲಿ ಎರಡು ಸಲ ಮುದ್ರಿಸಿದರು: 1955ರದ್ದು ಸುಮಾರು 38 ನಿಮಿಷ, 1981ರದ್ದು 51 ನಿಮಿಷ. ‘ಗೂಲ್ಡ್ ಅವರ ಗೋಲ್ಡ್‌ಬರ್ಗ್ ಕೇಳಿ’ ಎಂದಷ್ಟೇ ಹೇಳುವುದು ಅರ್ಧ ವಿಳಾಸ ಬರೆದ ಲಕೋಟೆ.

ಇನ್ನೆರಡು ಕಡೆ ಎಡವುವವರು ಬಹಳ. ಒಂದು, ಆವೃತ್ತಿ. ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ 1874ರಲ್ಲಿ ಪಿಯಾನೊಗೆಂದು ಬರೆದದ್ದು. ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ಕೇಳಸಿಗುವುದು ರವೆಲ್ 1922ರಲ್ಲಿ ಮಾಡಿದ ರೂಪ. ತುತ್ತೂರಿಯ ಆರಂಭ ಕೇಳಲಿ ಎಂದು ಕಳಿಸಿದವರ ಸ್ನೇಹಿತರಿಗೆ ಪಿಯಾನೊ ಸಿಕ್ಕಿದರೆ ಮಾತೇ ಹೊಂದುವುದಿಲ್ಲ. ಬ್ರೂಕ್ನರ್ ವಿಷಯದಲ್ಲಂತೂ 8ನೇ ಸಿಂಫನಿಗೆ 1887 ಮತ್ತು 1890ರ ರೂಪಗಳು, ಅದರ ಮೇಲೆ ಹಾಸ್, ನೊವಾಕ್ ಎಂಬ ಸಂಪಾದಕರ ಬೇರೆ ಬೇರೆ ಪಾಠಗಳು. ಮೊಜಾರ್ಟ್‌ನ 40ನೇ ಸಿಂಫನಿ, ಕೆ. 550, ಕ್ಲ್ಯಾರಿನೆಟ್ ಇಲ್ಲದೆಯೂ ಇದೆ, ಸೇರಿಸಿಯೂ ಇದೆ. ಇನ್ನೊಂದು, ಇಸವಿ. ಆಲ್ಬಂ ಪಕ್ಕದಲ್ಲಿ ಕಾಣುವ ವರ್ಷ ಬಿಡುಗಡೆಯದ್ದು, ಎಷ್ಟೋ ಸಲ ಮರುಬಿಡುಗಡೆಯದ್ದು. ಅರುವತ್ತರ ದಶಕದಲ್ಲಿ ನುಡಿಸಿದ್ದನ್ನು ಮೊನ್ನೆ ನುಡಿಸಿದ್ದೆಂದು ತಿಳಿಯುವುದು ಹೀಗೆಯೇ. ಅದೇ ರೆಕಾರ್ಡಿಂಗ್ ಮೂರು ಮುಖಪುಟ ಹೊತ್ತು ಮೂರು ಸಲ ಕಾಣಿಸಿಕೊಂಡರೆ ಕಂಡಕ್ಟರ್, ಆರ್ಕೆಸ್ಟ್ರಾ, ಪ್ರತಿ ಭಾಗದ ನಿಮಿಷ-ಸೆಕೆಂಡು ಹೋಲಿಸಿ. ಎರಡು ಮೂರು ಸೆಕೆಂಡಿನ ಅಂತರವಷ್ಟೇ ಇದ್ದರೆ ಹೆಚ್ಚುಕಡಿಮೆ ಒಂದೇ ಮುದ್ರಣ.

ಸೆಟ್ಟಿಂಗ್ಸ್ ವಿಷಯಕ್ಕೆ ಬಂದರೆ, ಯಾವ ಆ್ಯಪ್ ಆದರೂ ಮೊದಲು ಕ್ರಾಸ್‌ಫೇಡ್ ಆಫ್ ಮಾಡಬೇಕು. ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಗೆ ಬೆಸೆಯುವ ಈ ಸೌಲಭ್ಯ ಪಾರ್ಟಿಗೆ ಸರಿ, ಇಲ್ಲಿ ಪ್ರತಿ ಭಾಗದ ಕೊನೆಯ ಸ್ವರವನ್ನೇ ನುಂಗುತ್ತದೆ. ಆಟೊಪ್ಲೇಯನ್ನೂ ಆಫ್ ಮಾಡಿ. ಮಾಹ್ಲರ್‌ನ 9ನೇ ಸಿಂಫನಿ ತಂತಿವಾದ್ಯಗಳಲ್ಲಿ ಕರಗಿ ಕರಗಿ ಇಲ್ಲವಾಗುವ ಹೊತ್ತಿಗೆ ಯಂತ್ರವೇ ಆರಿಸಿದ ಯಾವುದೋ ವಾಲ್ಟ್ಜ್ ಧುಮುಕಿದರೆ ಆ ಒಂದೂಕಾಲು ಗಂಟೆ ನೀರುಪಾಲು. ಧ್ವನಿಮಟ್ಟ ಸರಿದೂಗಿಸುವ ಆಯ್ಕೆ ಟ್ರ್ಯಾಕ್ ಲೆಕ್ಕದಲ್ಲಿ ಕೆಲಸ ಮಾಡಿದರೆ ಮೆಲ್ಲಗಿನ ಭಾಗವನ್ನು ಎತ್ತಿ ಅಬ್ಬರದ ಭಾಗವನ್ನು ಇಳಿಸುತ್ತದೆ. ಆಗ ಸಿಂಫನಿಯೊಳಗಿನ ಏರಿಳಿತ ಚಪ್ಪಟೆಯಾಗುತ್ತದೆ. ಆಲ್ಬಂ ಲೆಕ್ಕದ ಆಯ್ಕೆ ಇಲ್ಲದಿದ್ದರೆ ಅದೂ ಬೇಡ.

ಗುಣಮಟ್ಟದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆ್ಯಪ್ 24 ಬಿಟ್, 192 ಕಿಲೊಹರ್ಟ್ಸ್‌ವರೆಗೆ ಕೊಡುತ್ತದೆ ನಿಜ. ಮೂರು ನಿಮಿಷಕ್ಕೆ ಲಾಸ್‌ಲೆಸ್ (ಧ್ವನಿಯ ವಿವರ ಕಳೆದುಕೊಳ್ಳದ ರೂಪ) ಸುಮಾರು 36 ಎಂಬಿ, ಹೈ-ರೆಸ್ (ಅದಕ್ಕಿಂತ ಸೂಕ್ಷ್ಮವಾದದ್ದು) 145 ಎಂಬಿ ಎಂಬುದು ಆ್ಯಪಲ್‌ನದೇ ಅಂದಾಜು. ಆ ಲೆಕ್ಕದಲ್ಲಿ 70 ನಿಮಿಷದ ಸಿಂಫನಿಗೆ ಮೊದಲನೆಯದು ಸುಮಾರು 840 ಎಂಬಿ, ಎರಡನೆಯದು ಮೂರು ಜಿಬಿ ದಾಟುತ್ತದೆ. ಮಾಮೂಲಿ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಇಷ್ಟೂ ಡೇಟಾ ದಂಡ, ದಾರಿಯಲ್ಲೇ ಮತ್ತೆ ಕುಗ್ಗಿಸಿ ಕಳಿಸಲಾಗುತ್ತದೆ. ನೆಟ್ ಇಲ್ಲದ ಕಡೆ ಕೇಳಬೇಕಾದರೆ ಕೃತಿಯನ್ನು ಲೈಬ್ರರಿಗೆ ಸೇರಿಸಿ, ಮಾಮೂಲಿ ಮ್ಯೂಸಿಕ್ ಆ್ಯಪ್ ತೆರೆದು ಅಲ್ಲಿಂದ ಡೌನ್‌ಲೋಡ್ ಮಾಡಿಕೊಳ್ಳುವುದು ದಾರಿ. ಸುತ್ತುಬಳಸು, ಆದರೆ ಕೆಲಸ ಆಗುತ್ತದೆ.

ಈಗ ಮೆಚ್ಚಿದ್ದನ್ನು ಉಳಿಸಿಕೊಳ್ಳುವ ಮಾತು. ಸ್ಟ್ರೀಮಿಂಗ್‌ನಲ್ಲಿ ಉಳಿಸಿದ ಪಟ್ಟಿ ಕಾಲಕ್ರಮೇಣ ಸವೆಯುತ್ತದೆ. ಕಂಪನಿ ಹಳೆಯ ಆಲ್ಬಂ ತೆಗೆದು ಹೊಸ ಮುಖಪುಟದಲ್ಲಿ ಮತ್ತೆ ಹಾಕಿದರೆ ಹಳೆಯ ಸಾಲು ಬೂದುಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ಹಾಡುವುದಿಲ್ಲ. ಸೇವೆಯೇ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಮೇಲಿನ 2021ರ ಉದಾಹರಣೆ ಇದ್ದೇ ಇದೆ. ಆದ್ದರಿಂದ ಆ್ಯಪ್‌ನ ಲೈಬ್ರರಿ ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲ್ ಇಟ್ಟುಕೊಳ್ಳಬೇಕು, ಕೃತಿಗೊಂದು ಸಾಲು. ಮಾದರಿ ಹೀಗಿದೆ (ಐದನೆಯ ಖಾನೆ ರೆಕಾರ್ಡಿಂಗ್ ಕಂಪನಿ):

ಬೀಥೋವನ್ | ಸಿಂಫನಿ 5, ಸಿ ಮೈನರ್, ಓಪಸ್ 67 | ಕಾರ್ಲೋಸ್ ಕ್ಲೈಬರ್, ವಿಯೆನ್ನಾ ಫಿಲ್‌ಹಾರ್ಮೋನಿಕ್ | ಮುದ್ರಣ 1974 | ಡಾಯ್ಚ ಗ್ರಾಮೊಫೋನ್ | 4 ಭಾಗ | 3ರಿಂದ 4ಕ್ಕೆ ತಡೆಯಿಲ್ಲದೆ

ಹೆಸರುಗಳನ್ನು ರೋಮನ್‌ನಲ್ಲೂ ಬರೆದಿಡಿ, ನಾಳೆ ಅದನ್ನೇ ಕಾಪಿ ಮಾಡಿ ಯಾವ ಆ್ಯಪ್‌ನಲ್ಲಾದರೂ ಹುಡುಕಬಹುದು. ಕೊನೆಯ ಎರಡು ಖಾನೆಗಳು ಹೆಚ್ಚುವರಿಯಂತೆ ಕಂಡರೂ ಬೆಲೆ ಇರುವುದು ಅವಕ್ಕೇ. ಆ ಸಿಂಫನಿಯ ಮೂರನೇ ಭಾಗ ಮುಗಿಯುವುದೇ ಇಲ್ಲ. ಟಿಂಪನಿ ಎಂಬ ನಗಾರಿ ಒಂದೇ ಸಮ ಮೆಲ್ಲಗೆ ಬಡಿಯುತ್ತಿರುತ್ತದೆ, ಮೇಲೆ ಪಿಟೀಲುಗಳು ತಡಕಾಡುತ್ತ ಏರುತ್ತವೆ, ಇದ್ದಕ್ಕಿದ್ದಂತೆ ಸಿ ಮೇಜರ್‌ನ ಬೆಳಕಿಗೆ ಒಡೆದುಕೊಳ್ಳುತ್ತದೆ. ಇಡೀ ಸಿಂಫನಿಯಲ್ಲಿ ಟ್ರಾಂಬೋನ್ ಎಂಬ ಹಿತ್ತಾಳೆ ಕಹಳೆಗಳು ಮೊದಲ ಸಲ ದನಿ ತೆಗೆಯುವುದೂ ಆಗಲೇ. ನಾಲ್ಕನೇ ಭಾಗವನ್ನಷ್ಟೇ ಕಳಿಸಿದರೆ ಬಾಗಿಲು ತೆರೆದ ಮೇಲೆ ಒಳಗೆ ಬಂದಂತೆ. ಮೆಂಡೆಲ್‌ಸನ್‌ನ ಇ ಮೈನರ್ ಪಿಟೀಲು ಕನ್ಸರ್ಟೊದಲ್ಲೂ (ಒಂಟಿ ಪಿಟೀಲು, ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಹೀಗೆ ಒಂದು ಕೊಂಡಿ ಇದೆ: ಮೊದಲ ಭಾಗದ ಕೊನೆಯ ಅಬ್ಬರದಿಂದ ಬಸೂನ್ ಎಂಬ ಊದುವಾದ್ಯ ಒಂದೇ ಸ್ವರವನ್ನು ಹಿಡಿದು ಎರಡನೆಯದಕ್ಕೆ ದಾಟಿಸುತ್ತದೆ. ಎರಡನೇ ಭಾಗ ಮಾತ್ರ ಕೇಳಿದವರಿಗೆ ಆ ಸ್ವರ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ.

ಲಿಂಕ್ ಕಳಿಸುವಾಗ ನೆನಪಿಡಬೇಕಾದದ್ದು: ಚಂದಾ ಇಲ್ಲದವರಿಗೆ ಪೂರ್ತಿ ಕೇಳಿಸುವುದಿಲ್ಲ. ಹಾಗಾಗಿ ಲಿಂಕ್ ಜೊತೆಗೆ ಆ ಒಂದು ಸಾಲನ್ನೂ ಅಂಟಿಸಿ, ಅವರು ತಮ್ಮಲ್ಲಿರುವ ಆ್ಯಪ್‌ನಲ್ಲಿ ಹುಡುಕಿಕೊಳ್ಳುತ್ತಾರೆ. ‘5:10ರಿಂದ ಕೇಳಿ’ ಎಂದು ಸಮಯ ಬರೆಯುವುದೂ ಹೆಚ್ಚು ಸಲ ಕೈಕೊಡುತ್ತದೆ, ಅವರು ತೆರೆದದ್ದು ಬೇರೆ ರೆಕಾರ್ಡಿಂಗ್ ಆದರೆ 5:10ರಲ್ಲಿ ಇನ್ನೇನೋ ಇರುತ್ತದೆ. ಬದಲಿಗೆ ‘ಮೂರನೇ ಭಾಗದ ಕೊನೆಯಲ್ಲಿ ಟಿಂಪನಿ ಒಂದೇ ಸಮ ಮೆಲ್ಲಗೆ ಬಡಿಯಲು ಶುರುಮಾಡುವ ಕಡೆ’ ಎಂದು ಗುರುತು ಹೇಳಿ. ಗುರುತು ಎಲ್ಲ ರೆಕಾರ್ಡಿಂಗ್‌ಗೂ ಒಂದೇ.

ಯಾರು, ಎಲ್ಲಿ ಕೇಳುತ್ತಾರೆ ಎಂಬುದನ್ನೂ ನೋಡಬೇಕು. ರವೆಲ್‌ನ ಬೊಲೆರೊ ಶುರುವಾಗುವುದು ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲುವಾದ ಡ್ರಮ್ಮಿನಿಂದ. ಬಸ್ಸಿನಲ್ಲಿ ಕೇಳುವವರು ಅಲ್ಲಿ ವಾಲ್ಯೂಮ್ ಏರಿಸುತ್ತಾರೆ, ಹತ್ತು ನಿಮಿಷ ಕಳೆದ ಮೇಲೆ ಕಿವಿ ಮುಚ್ಚಿಕೊಳ್ಳುತ್ತಾರೆ. ಪ್ರಯಾಣದವರಿಗೆ ಬಾಖ್‌ನ ಬ್ರಾಂಡನ್‌ಬರ್ಗ್ ಕನ್ಸರ್ಟೊಗಳಂತಹ, ಧ್ವನಿಮಟ್ಟ ಹೆಚ್ಚು ಏರಿಳಿಯದ ಕೃತಿ ಕೊಡಿ. ಒಂದು ಸಲಕ್ಕೆ ಮೂರು ಕೃತಿ ಸಾಕು. ನಲವತ್ತು ಟ್ರ್ಯಾಕ್‌ಗಳ ಪಟ್ಟಿ ಕಳಿಸುವುದು ಗ್ರಂಥಾಲಯದ ಬೀಗದಕೈ ಕೊಟ್ಟಂತೆ, ಒಳಗೆ ಯಾರೂ ಹೋಗುವುದಿಲ್ಲ.

ಸೇವೆ ಬದಲಿಸುವವರು ಪ್ಲೇಲಿಸ್ಟ್ ಸಾಗಿಸುವ ಉಪಕರಣ ಬಳಸುವುದಾದರೆ ಅದು ಟ್ರ್ಯಾಕ್‌ನ ಹೆಸರು ನೋಡಿ ಹೊಂದಿಸುತ್ತಿದೆಯೇ, ರೆಕಾರ್ಡಿಂಗ್‌ನ 12 ಅಕ್ಷರಗಳ ಐಎಸ್‌ಆರ್‌ಸಿ ಸಂಕೇತ ನೋಡುತ್ತಿದೆಯೇ ಎಂದು ಮೊದಲು ತಿಳಿದುಕೊಳ್ಳಿ. ಹೆಸರು ನೋಡುವುದಾದರೆ ‘II. ಆಂದಾಂತೆ’ (ಎರಡನೇ ಭಾಗ, ಮಧ್ಯಮ ನಡೆ) ಎಂಬ ಹೆಸರಿನ ಟ್ರ್ಯಾಕ್ ಎಲ್ಲರ ಬಳಿಯೂ ಇದೆ, ಯಾರದ್ದೋ ಆಂದಾಂತೆ ತಂದು ಕೂರಿಸುತ್ತದೆ. ಸಾಗಿಸಿದ ಮೇಲೆ ಹಳೆಯ ಚಂದಾ ರದ್ದು ಮಾಡುವ ಮುನ್ನ ಎಣಿಸಿ ನೋಡಿ: ಗೋಲ್ಡ್‌ಬರ್ಗ್ ಸಾಮಾನ್ಯವಾಗಿ 32 ಟ್ರ್ಯಾಕ್, ಶೂಬರ್ಟ್‌ನ ವಿಂಟರ್‌ರೈಸ 24, ವಿವಾಲ್ಡಿಯ ನಾಲ್ಕು ಋತುಗಳು 12. ಒಂದು ಕಡಿಮೆ ಬಂದರೂ ಟೆಕ್ಸ್ಟ್ ಫೈಲ್ ತೆರೆದು ಆ ಸಾಲನ್ನು ಕೈಯಾರೆ ಹುಡುಕಿ ಸೇರಿಸಿ, ಆಮೇಲೆ ರದ್ದು ಮಾಡಿ.