ಪ್ರಾಣಿಗಳನ್ನು ಮುಟ್ಟಿಸುವ ಫಾರಂಗಳಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಸುತ್ತ, ಕನಕಪುರ, ದೇವನಹಳ್ಳಿ, ನೆಲಮಂಗಲದ ಕಡೆಯ ರಸ್ತೆಗಳಲ್ಲಿ ‘ಮಕ್ಕಳಿಗೆ ಹಳ್ಳಿಯ ಅನುಭವ’ ಎಂಬ ಫಲಕ ಹಾಕಿಕೊಂಡ ಫಾರಂಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಎತ್ತಿನ ಗಾಡಿಯ ಸವಾರಿ, ಕುಂಬಾರನ ತಿಗರಿ, ಮಧ್ಯಾಹ್ನಕ್ಕೆ ಮುದ್ದೆ ಬಸ್ಸಾರು, ಜೊತೆಗೆ ಮೊಲ, ಮೇಕೆಮರಿ, ಕುದುರೆ, ಬಣ್ಣದ ಗಿಳಿಗಳನ್ನು ಮುಟ್ಟಿ ನೋಡುವ ‘ಪೆಟ್ ಝೋನ್’. ಅಚ್ಚುಕಟ್ಟಾಗಿ ನಡೆಸುವವರು ಇಲ್ಲವೆಂದಲ್ಲ. ಆದರೆ ಪ್ರಾಣಿಯನ್ನು ಮಗುವಿನ ಕೈಗೆ ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಜಾಗದಲ್ಲಿ, ಆ ಪ್ರಾಣಿ ಕಚ್ಚಿದರೆ ಮುಂದೇನು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲದಿರಬಹುದು ಎಂಬುದನ್ನು ನಮ್ಮ ಮನೆಯವರು ಅನುಭವಿಸಿ ತಿಳಿದುಕೊಂಡಿದ್ದಾರೆ. ವಿಷಯ ಗ್ರಾಹಕರ ಆಯೋಗದ ಮುಂದಿರುವುದರಿಂದ ಫಾರಂನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿಗಿಂತ ಅಲ್ಲಿನ ವ್ಯವಸ್ಥೆ ಹೇಗಿತ್ತೆಂಬುದೇ ಇತರರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ.

ಅಕ್ಕ, ಭಾವ, ಏಳು ವರ್ಷದ ಅವರ ಮಗ, ನಾಲ್ಕು ವರ್ಷದ ನನ್ನ ಮಗಳು ಮತ್ತು ನಾನು ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆವು. ಟಿಕೆಟ್ಟಿನ ಹಣವನ್ನು ಮೊದಲೇ ಆನ್‌ಲೈನಿನಲ್ಲಿ ಕಟ್ಟಿಯಾಗಿತ್ತು. ಗೇಟಿನಲ್ಲಿ ಒಂದು ಕ್ಯೂಆರ್ ಕೋಡ್ ತೋರಿಸಿ, ಅದನ್ನು ಸ್ಕ್ಯಾನ್ ಮಾಡಿ ‘ಒಪ್ಪಿಗೆ’ ಒತ್ತಿದರೆ ಮಾತ್ರ ಕೈಪಟ್ಟಿ ಕಟ್ಟುವುದಾಗಿ ಹೇಳಿದರು. ಒಪ್ಪಿಗೆ ಪತ್ರದ ಕೊನೆಯ ಸಾಲು, ಆವರಣದೊಳಗೆ ಆಗುವ ಯಾವುದೇ ಗಾಯಕ್ಕೆ ಸಂಸ್ಥೆ ಹೊಣೆಯಲ್ಲ ಎಂದಿತ್ತು. ಒಳಗೆ ಹೋದ ಮೇಲೆ ಗೊತ್ತಾಯಿತು, ಪ್ರಾಣಿಗಳಿಗೆ ತಿನ್ನಿಸುವುದಕ್ಕೆ ಬೇರೆ ದುಡ್ಡು. ಉದ್ದುದ್ದ ಸೀಳಿದ ಕ್ಯಾರೆಟ್ ತುಂಬಿದ ಕಾಗದದ ಲೋಟಕ್ಕೆ 50 ರೂಪಾಯಿ, ಗಿಳಿಯನ್ನು ಹೆಗಲ ಮೇಲೆ ಕೂರಿಸಿ ಫೋಟೊ ತೆಗೆಸಿಕೊಳ್ಳಲು ಇನ್ನಷ್ಟು.

ಈ ಕ್ಯಾರೆಟ್ಟಿನ ಲೋಟದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅನಾಹುತದ ಮೂಲ ಅಲ್ಲಿದೆ. ಕುದುರೆಗೆ ಕೈಯಿಂದ ತಿನ್ನಿಸುವುದಾದರೆ ಅಂಗೈಯನ್ನು ತಟ್ಟೆಯ ಹಾಗೆ ಚಪ್ಪಟೆಯಾಗಿ ಹಿಡಿದು, ಹೆಬ್ಬೆರಳನ್ನು ಪಕ್ಕಕ್ಕೆ ಒತ್ತಿಕೊಂಡು, ತಿನಿಸನ್ನು ಅಂಗೈ ನಡುವೆ ಇಡಬೇಕೆಂಬುದು ಕುದುರೆ ಸಾಕಿದವರೆಲ್ಲರೂ ಬಲ್ಲ ಪಾಠ. ಕುದುರೆಗೆ ತನ್ನ ಮೂತಿಯ ನೇರ ಮುಂದೆ, ತುಟಿಯ ಕೆಳಗೆ ಇರುವುದು ಕಣ್ಣಿಗೆ ಕಾಣುವುದಿಲ್ಲ. ತುಟಿಯಿಂದ ತಡಕಿ, ಸಿಕ್ಕಿದ್ದನ್ನು ಹಲ್ಲಿನಿಂದ ಹಿಡಿಯುತ್ತದೆ. ಬೆರಳುದ್ದದ ಕ್ಯಾರೆಟ್ ಸೀಳನ್ನು ಬೆರಳ ತುದಿಯಲ್ಲಿ ಹಿಡಿದು ಕೊಟ್ಟರೆ ಕ್ಯಾರೆಟ್ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಇನ್ನೊಂದು ಸಂಗತಿಯೂ ಇದೆ. ದಿನವಿಡೀ ಅಪರಿಚಿತರ ಕೈಯಿಂದಲೇ ತಿನಿಸು ಬರುತ್ತಿದ್ದರೆ ಕುದುರೆ ಕೈ ಕಂಡಲ್ಲೆಲ್ಲ ಬಾಯಿ ಹಾಕುವುದನ್ನು ರೂಢಿ ಮಾಡಿಕೊಳ್ಳುತ್ತದೆ, ತಿನಿಸು ಇಲ್ಲದ ಕೈಗೂ.

ಆ ಕಟಕಟೆಯೊಳಗೆ ಎರಡು ಪೋನಿಗಳಿದ್ದವು. ಹುಲ್ಲಿನ ಗೊಂತು ಖಾಲಿಯಾಗಿತ್ತು. ಬಿಸಿಲು ನೆತ್ತಿಗೇರಿದ್ದರೂ ಅವುಗಳ ಮೇಲೆ ನೆರಳಿನ ಚಪ್ಪರವಿರಲಿಲ್ಲ. ಬೇಲಿಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು ಮುತ್ತಿಕೊಂಡಿದ್ದರು, ನೋಡಿಕೊಳ್ಳಲು ನಿಂತಿದ್ದ ಒಬ್ಬನೇ ಹುಡುಗ ಕ್ಯಾರೆಟ್ ಮಾರಾಟದಲ್ಲಿ ಮುಳುಗಿದ್ದ. ಅಕ್ಕನ ಮಗ ಒಂದು ಪೋನಿಗೆ ಕ್ಯಾರೆಟ್ ಚಾಚಿದಾಗ ಇನ್ನೊಂದು ನುಗ್ಗಿ ಬಂತು. ಮೊದಲನೆಯದು ಎರಡೂ ಕಿವಿಗಳನ್ನು ಹಿಂದಕ್ಕೆ, ತಲೆಗೆ ಅಂಟಿದ ಹಾಗೆ ಮಡಚಿತು. ಅದು ಸಿಟ್ಟಿನ ಗುರುತು. ಬಲ್ಲವರು ಪಕ್ಕದಲ್ಲಿದ್ದಿದ್ದರೆ ಆ ಕ್ಷಣದಲ್ಲೇ ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅದು ಕಚ್ಚಲು ಹೋದದ್ದು ಪಕ್ಕದ ಪೋನಿಯನ್ನು, ಸಿಕ್ಕಿದ್ದು ನಮ್ಮ ಹುಡುಗನ ಮುಂಗೈ. ಭಾವ ಬೇಲಿ ಹತ್ತಿ ಅದರ ಮೂತಿಯನ್ನು ನೂಕುವ ಹೊತ್ತಿಗೆ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು.

ಆಮೇಲಿನದು ಗಾಯಕ್ಕಿಂತ ಹೆಚ್ಚು ಕೋಪ ತರಿಸಿದ ಭಾಗ. ಸೋಪು ಹಾಕಿ ತೊಳೆಯೋಣವೆಂದರೆ ಪೆಟ್ ಝೋನಿನಲ್ಲಿ ನಲ್ಲಿಯೇ ಇಲ್ಲ. ಶೌಚಾಲಯ ಊಟದ ಹಾಲಿನ ಹಿಂದೆ, ಅಲ್ಲಿಯ ಸೋಪಿನ ಡಬ್ಬಿ ಖಾಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂದು ತಂದದ್ದರಲ್ಲಿ ಒಂದು ಹತ್ತಿಯ ಸುರುಳಿ ಮತ್ತು ಒಣಗಿದ ಮುಲಾಮಿನ ಟ್ಯೂಬು ಇದ್ದವು. ಅಡುಗೆಮನೆಯಿಂದ ಒಬ್ಬಾಕೆ ಪಾಪ, ಒಳ್ಳೆಯ ಮನಸ್ಸಿನಿಂದಲೇ, ಬಟ್ಟಲಿನಲ್ಲಿ ಅರಿಶಿನ ಹಿಡಿದು ಓಡಿ ಬಂದರು. ಮ್ಯಾನೇಜರು ಬಂದು, “ಏನೂ ಆಗಲ್ಲ ಸಾರ್, ನಾಯಿ ಆದ್ರೆ ಹೆದರಬೇಕು, ಇದು ಕುದುರೆ. ಬೇಕಿದ್ರೆ ಹತ್ತು ದಿನ ನೋಡಿ, ಕುದುರೆ ಚೆನ್ನಾಗೇ ಇರತ್ತೆ” ಎಂದರು. ಕುದುರೆಗೆ ಯಾವ ಲಸಿಕೆ ಯಾವಾಗ ಹಾಕಿಸಿದ್ದೀರಿ, ಪಶುವೈದ್ಯರ ಕಾರ್ಡು ತೋರಿಸಿ ಎಂದು ಅಕ್ಕ ಕೇಳಿದಾಗ, “ಓನರ್ ಹತ್ರ ಇದೆ ಮೇಡಂ, ಅವರು ಊರಲ್ಲಿಲ್ಲ” ಎಂಬ ಉತ್ತರ ಬಂತು. ಹತ್ತಿರದ ಆಸ್ಪತ್ರೆ ಯಾವುದೆಂದು ಹೇಳುವವರೂ ಅಲ್ಲಿರಲಿಲ್ಲ. ಫೋನಿನ ಮ್ಯಾಪು ನೋಡಿಕೊಂಡು ನಾವೇ ತಾಲ್ಲೂಕು ಆಸ್ಪತ್ರೆಗೆ ಹೋದೆವು.

ಮ್ಯಾನೇಜರು ಹೇಳಿದ ಎರಡು ಮಾತುಗಳೂ ತಪ್ಪು. ಅವು ಬಹಳ ಜನರ ಬಾಯಲ್ಲಿರುವ ತಪ್ಪುಗಳಾದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ರೇಬೀಸ್ ಬಹುಮಟ್ಟಿಗೆ ನಾಯಿಯಿಂದಲೇ ಬರುತ್ತದೆಂಬುದು ನಿಜ, ಆದರೆ ಅದು ಸಸ್ತನಿಗಳಿಗೆಲ್ಲ ತಗಲಬಲ್ಲ ರೋಗ. ಹುಚ್ಚು ನಾಯಿ ಕಚ್ಚಿದ ದನ, ಎಮ್ಮೆ, ಕುದುರೆಗಳಿಗೂ ಅದು ಬರುತ್ತದೆ, ಬೀದಿನಾಯಿಗಳು ಸಲೀಸಾಗಿ ಒಳಗೆ ಹೊರಗೆ ಓಡಾಡುವ ಬೇಲಿಯ ಫಾರಂನಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇನ್ನು ಹತ್ತು ದಿನ ಕಾದು ನೋಡುವ ಲೆಕ್ಕ ಅನ್ವಯಿಸುವುದು ನಾಯಿ ಮತ್ತು ಬೆಕ್ಕಿಗೆ ಮಾತ್ರ. ಕುದುರೆಯ ವಿಷಯದಲ್ಲಿ ಆ ಲೆಕ್ಕವನ್ನು ನಂಬಿಕೊಂಡು ಕೂರುವಂತಿಲ್ಲವೆಂದು ಆಸ್ಪತ್ರೆಯ ವೈದ್ಯರು ಬಿಡಿಸಿ ಹೇಳಿದರು. ನೋಡುತ್ತ ಕೂರುವ ಬದಲು ಚಿಕಿತ್ಸೆಯನ್ನು ಅಂದೇ ಆರಂಭಿಸಬೇಕು, ಏಕೆಂದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುವುದು ಇಲ್ಲವೆಂಬಷ್ಟು ವಿರಳ.

ಪ್ರಾಣಿ ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಕಡಿಮೆಯೆಂದರೆ 15 ನಿಮಿಷ ತೊಳೆಯಬೇಕು. ನಾವು ಕೊನೆಗೆ ಅದನ್ನು ಮಾಡಿದ್ದು ದಾರಿಯ ಅಂಗಡಿಯೊಂದರಲ್ಲಿ ಸೋಪು ಕೊಂಡು, ಕುಡಿಯುವ ನೀರಿನ ಕ್ಯಾನು ಬಗ್ಗಿಸಿ. ಅರಿಶಿನ, ಸುಣ್ಣ, ಕಾಫಿಪುಡಿ, ಎಣ್ಣೆ ಇವು ಯಾವುವನ್ನೂ ಮೆತ್ತಬಾರದು. ಚರ್ಮ ಸೀಳಿ ರಕ್ತ ಬಂದ ಗಾಯವನ್ನು ವೈದ್ಯರು ಮೂರನೆಯ ವರ್ಗಕ್ಕೆ ಸೇರಿಸುತ್ತಾರೆ. ಅದಕ್ಕೆ ಲಸಿಕೆಯೊಂದೇ ಸಾಲದು, ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಮಗುವಿನ ತೂಕ ನೋಡಿ ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಲಸಿಕೆ ರಕ್ತದಲ್ಲಿ ಪ್ರತಿಕಾಯ ಹುಟ್ಟಿಸಲು ದಿನಗಳು ಬೇಕು, ಅಲ್ಲಿಯವರೆಗೆ ಕಾಪಾಡುವುದು ಇದೇ. ಗಾಯಕ್ಕೆ ಹೊಲಿಗೆ ಹಾಕಬೇಕಾಗಿ ಬಂದರೂ ಇದನ್ನು ಕೊಟ್ಟ ಮೇಲೆಯೇ ಹಾಕುತ್ತಾರೆ. ಚರ್ಮದ ಪದರದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನ, ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ನಮ್ಮ ಹುಡುಗನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಲಸಿಕೆ ಮತ್ತು ಟಿಟಿ ಸಿಕ್ಕಿತು, ಇಮ್ಯುನೊಗ್ಲಾಬ್ಯುಲಿನ್ ಇರಲಿಲ್ಲ. ಅದಕ್ಕಾಗಿ ಅವನನ್ನು ಎತ್ತಿಕೊಂಡು ಸಂಜೆಯ ಟ್ರಾಫಿಕ್ಕಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಓಡಬೇಕಾಯಿತು. ಗಾಯದೊಳಗೆ ಸೂಜಿ ಇಳಿಸುವಾಗ ಅವನು ಕಿರುಚಿದ್ದು, ಕಚ್ಚಿದಾಗ ಕಿರುಚಿದ್ದಕ್ಕಿಂತ ಜೋರಾಗಿತ್ತು.

ಕಚ್ಚುವುದೊಂದೇ ಅಪಾಯವೆಂದೂ ತಿಳಿಯಬೇಡಿ. ನನ್ನ ಮಗಳು ಅದೇ ಜಾಗದಲ್ಲಿ ಕೋಳಿಮರಿಗಳನ್ನು ಎತ್ತಿ ಆಡಿಸಿ, ಅದೇ ಕೈಯಲ್ಲಿ ಐಸ್‌ಕ್ರೀಮ್ ತಿನ್ನಲು ಹೊರಟಿದ್ದಳು. ಐಸ್‌ಕ್ರೀಮಿನ ಗಾಡಿಯನ್ನು ಮೇಕೆಗಳ ದೊಡ್ಡಿಯ ಬಾಗಿಲಿಗೇ ನಿಲ್ಲಿಸಿದ್ದರು. ಕೋಳಿಮರಿ, ಆಮೆ, ಓತಿಯಂಥವು ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದು, ಐದು ವರ್ಷದೊಳಗಿನವರಿಗೆ ಅದು ಹೆಚ್ಚು ಕಾಟ ಕೊಡುತ್ತದೆ. ದನ, ಕುರಿ, ಮೇಕೆಗಳ ಸಗಣಿ ಹಿಕ್ಕೆಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಕೆಟ್ಟ ತಳಿ ಇರುವುದುಂಟು. ಇಂಗ್ಲೆಂಡಿನ ಸರ್ರೆಯಲ್ಲಿ, ಗಾಡ್‌ಸ್ಟೋನ್ ಎಂಬ ಊರಿನ ಇಂಥದೇ ಮಕ್ಕಳ ಫಾರಂಗೆ 2009ರ ಬೇಸಿಗೆ ರಜೆಯಲ್ಲಿ ಹೋಗಿ ಬಂದವರಲ್ಲಿ 93 ಮಂದಿಗೆ ಆ ಸೋಂಕು ತಗಲಿತು. ಬಹುಪಾಲು ಚಿಕ್ಕ ಮಕ್ಕಳು. ಕೆಲವರ ಮೂತ್ರಪಿಂಡಗಳಿಗೇ ಪೆಟ್ಟಾಗಿ ಡಯಾಲಿಸಿಸ್ ಬೇಕಾಯಿತು. ತನಿಖೆಯಾದ ಮೇಲೆ ಅಲ್ಲಿ ಒತ್ತಿ ಹೇಳಿದ್ದು, ಕೈ ತೊಳೆಯುವುದನ್ನು ನೆಚ್ಚಿಕೊಂಡರೆ ಸಾಲದು, ಮಕ್ಕಳು ಸಗಣಿಯ ಸಂಪರ್ಕಕ್ಕೆ ಬಾರದ ಹಾಗೆ ಜಾಗವನ್ನೇ ರೂಪಿಸಬೇಕು ಎಂದು. ನಮ್ಮಲ್ಲಿ ಕೈ ತೊಳೆಯುವ ಸೋಪಿಗೇ ಗತಿಯಿಲ್ಲ. ಸ್ಯಾನಿಟೈಸರ್ ಬಾಟಲಿ ನೇತುಹಾಕಿದ್ದೇವೆ ಎನ್ನುತ್ತಾರೆ, ಮಣ್ಣು ಸಗಣಿ ಮೆತ್ತಿದ ಕೈಗೆ ಅದು ಸೋಪು ನೀರಿನ ಕೆಲಸ ಮಾಡುವುದಿಲ್ಲ.

ಆ ಫಾರಂನಲ್ಲಿ ಇನ್ನೊಂದನ್ನು ಕಂಡೆ. ವಿದೇಶಿ ಮಕಾವ್‌ಗಳ ಪಕ್ಕದ ಪಂಜರದಲ್ಲಿ ನಮ್ಮ ಊರಿನ ಕೆಂಪು ಕತ್ತುಪಟ್ಟಿಯ ಹಸಿರು ಗಿಳಿಗಳಿದ್ದವು, ಒಂದು ಸಿಮೆಂಟ್ ತೊಟ್ಟಿಯಲ್ಲಿ ನಕ್ಷತ್ರ ಆಮೆಗಳಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡೂ ರಕ್ಷಿತ ಜೀವಿಗಳು. ನಕ್ಷತ್ರ ಆಮೆ ಈಗ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಅವನ್ನು ಹಿಡಿದು ತಂದು ಮಕ್ಕಳ ಆಟಕ್ಕೆ ಇಟ್ಟುಕೊಳ್ಳುವುದು ಅಪರಾಧ. ಮಕಾವ್, ಇಗ್ವಾನಾದಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿದೆ. ಹೀಗೆ ರಕ್ಷಿತ ಪ್ರಾಣಿಗಳನ್ನು ರಾಜಾರೋಷವಾಗಿ ತೋರಿಸುವವರು ಕುದುರೆಯ ಲಸಿಕೆಯ ವಿಷಯದಲ್ಲಿ ಮಾತ್ರ ಶಿಸ್ತಾಗಿರುತ್ತಾರೆಂದು ನಂಬಲು ಕಾರಣವಿಲ್ಲ. ಹೋದ ಜಾಗದಲ್ಲಿ ಹಸಿರು ಗಿಳಿಯೋ ನಕ್ಷತ್ರ ಆಮೆಯೋ ಕಂಡರೆ ಫೋಟೊಗೆ ದುಡ್ಡು ಕೊಡಬೇಡಿ, ವಲಯ ಅರಣ್ಯಾಧಿಕಾರಿಗೆ ತಿಳಿಸಿ.

ವನ್ಯಪ್ರಾಣಿಗಳ ಮೃಗಾಲಯ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಮೈಸೂರು, ಬನ್ನೇರುಘಟ್ಟ, ಪಿಲಿಕುಳ ಮುಂತಾದವು ಹಾಗೆ ಮಾನ್ಯತೆ ಪಡೆದವು. ಅಲ್ಲಿ ಸಂದರ್ಶಕರು ಪ್ರಾಣಿಗಳಿಗೆ ತಿನಿಸು ಹಾಕುವಂತಿಲ್ಲ, ಮುಟ್ಟುವ ಮಾತು ದೂರವೇ ಉಳಿಯಿತು. ಮೊಲ, ಮೇಕೆ, ಪೋನಿಯಂಥ ಸಾಕುಪ್ರಾಣಿಗಳ ಫಾರಂಗೆ ಆ ಮಾನ್ಯತೆ ಬೇಡ, ಹಾಗಾಗಿ ಆ ಪ್ರಾಧಿಕಾರದ ತಪಾಸಣೆಯೂ ಅಲ್ಲಿಗೆ ಬರುವುದಿಲ್ಲ. ತಪಾಸಣೆಯನ್ನು ಹೆತ್ತವರೇ ಮಾಡಿಕೊಳ್ಳಬೇಕು. ಮುಂಗಡ ಕಟ್ಟುವ ಮೊದಲು ಫೋನ್ ಮಾಡಿ, ಪ್ರಾಣಿಗಳ ಬಳಿಯೇ ಸೋಪು ಮತ್ತು ಹರಿಯುವ ನೀರು ಇದೆಯೇ, ಒಂದು ಬಾರಿಗೆ ಎಷ್ಟು ಮಕ್ಕಳನ್ನು ಒಳಗೆ ಬಿಡುತ್ತಾರೆ, ಲಸಿಕೆಯ ದಾಖಲೆ ಸ್ಥಳದಲ್ಲೇ ಇರುತ್ತದೆಯೇ ಎಂದು ಕೇಳಿ. ಈ ಪ್ರಶ್ನೆಗೆ “ನೀವು ಬನ್ನಿ ಮೇಡಂ, ಎಲ್ಲಾ ಇದೆ” ಎಂಬ ಉತ್ತರ ಬಂದರೆ ಏನೂ ಇಲ್ಲವೆಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಹೋದ ಮೇಲೂ ಗೊಂತಿನಲ್ಲಿ ಹುಲ್ಲಿಲ್ಲದಿದ್ದರೆ, ನೆರಳಿಲ್ಲದಿದ್ದರೆ, ಪ್ರಾಣಿಗೆ ಜನರಿಂದ ದೂರ ಸರಿದು ನಿಲ್ಲಲು ಜಾಗವಿಲ್ಲದಿದ್ದರೆ ಮಕ್ಕಳ ಕೈಯನ್ನು ಬೇಲಿಯೊಳಗೆ ಚಾಚಲು ಬಿಡಬೇಡಿ.

ಒಪ್ಪಿಗೆ ಪತ್ರಕ್ಕೆ ಹೆದರಿ ಸುಮ್ಮನಾಗುವವರು ಬಹಳ. ದುಡ್ಡು ಪಡೆದು ಸೇವೆ ಕೊಡುವವರು ‘ಹೊಣೆಯಲ್ಲ’ ಎಂದು ಬರೆಸಿಕೊಂಡ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದಿಂದ ತಾನಾಗಿ ಪಾರಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏಕಪಕ್ಷೀಯ ಒಪ್ಪಂದಗಳನ್ನು ಪ್ರಶ್ನಿಸುವುದಕ್ಕೂ ಅವಕಾಶ ಕೊಟ್ಟಿದೆ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೂ ಮಾತನಾಡುತ್ತಾರೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಘಟನೆಯಿಂದ ಎರಡು ವರ್ಷ ಕಾಲಾವಕಾಶವಿದೆ, ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ನಮಗೆ ನೆರವಾದದ್ದು ಟಿಕೆಟ್ಟಿನ ರಸೀದಿ, ಆಸ್ಪತ್ರೆಯ ಹೊರರೋಗಿ ಚೀಟಿ, ಖಾಲಿ ಗೊಂತಿನ ಮತ್ತು ಒಬ್ಬನೇ ಹುಡುಗ ನಿಂತಿದ್ದ ಬೇಲಿಯ ಫೋಟೊಗಳು. ಅಕ್ಕ ಕಾರು ಹತ್ತುವ ಮುನ್ನ ಅವನ್ನು ತೆಗೆದಿಟ್ಟುಕೊಂಡಿದ್ದಳು. ಮ್ಯಾನೇಜರು ಆಗ ಅವಳಿಗೆ ಹೇಳಿದ್ದು, ಫೋಟೊ ತೆಗೆಯಲು ಬೇರೆ ಟಿಕೆಟ್ ಆಗುತ್ತದೆ ಎಂದು.