ಕ್ಯಾಂಪಸ್ ವೈಫೈ ಬ್ಲಾಕ್ ಆಗಿದೆಯಾ? ಲ್ಯಾಪ್‌ಟಾಪ್ ಅಂಗಡಿಗೆ ಕೊಡೋಕಿಂತ ಮೊದಲು ಇದನ್ನ ಓದ್ರಿ

ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಜಿ, ಪಿಎಚ್‌ಡಿ ಮಾಡುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ವೈರಸ್ ಇದೆ ಅಂತ ಕ್ಯಾಂಪಸ್‌ನವರು ನೆಟ್ ಬಂದ್ ಮಾಡಿದರೆ, ಸೂಪರ್ ಮಾರ್ಕೆಟ್ ಏರಿಯಾದ ಕಂಪ್ಯೂಟರ್ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಹೊಡೆಸಿದರೆ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಎರಡನೇ ಸಲ ಬ್ಲಾಕ್ ಬಿದ್ದದ್ದೇ ಆ ಫಾರ್ಮ್ಯಾಟ್‌ನಿಂದ.

ಮೊದಲ ಸಲದ್ದು ಜೆರಾಕ್ಸ್ ಅಂಗಡಿಯ ಕೊಡುಗೆ. ಸಿನಾಪ್ಸಿಸ್ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಕೊಟ್ಟಿದ್ದೆ. ವಾಪಸ್ ಬಂದಾಗ ಅದರಲ್ಲಿ ನನ್ನ ಫೋಲ್ಡರ್‌ಗಳೇ ಇಲ್ಲ, ಪೆನ್‌ಡ್ರೈವ್ ಹೆಸರಿನದೇ ಒಂದು ಶಾರ್ಟ್‌ಕಟ್ ಮಾತ್ರ. ಈ ಜಾತಿಯ ವೈರಸ್ ಅಸಲಿ ಫೈಲ್‌ಗಳನ್ನೆಲ್ಲ ಹೆಸರೇ ಇಲ್ಲದ ಹಿಡನ್ ಫೋಲ್ಡರ್ ಒಂದರೊಳಗೆ ಅಡಗಿಸಿಡುತ್ತದೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಆ ಫೋಲ್ಡರ್ ತೆರೆಯುತ್ತದೆ. ಫೈಲ್‌ಗಳೆಲ್ಲ ಕಣ್ಣಮುಂದೆ ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ಒಂದು ಬೆಳಿಗ್ಗೆ ವೈಫೈ ಲಾಗಿನ್ ಆಗಲಿಲ್ಲ. ನೆಟ್‌ವರ್ಕ್ ವಿಭಾಗದ ಸರ್ ಫೈರ್‌ವಾಲ್ ಲಾಗ್ (ಯಾವ ಯಂತ್ರ ಎಲ್ಲಿಗೆ ಸಂಪರ್ಕಿಸಿತು ಅನ್ನುವ ದಾಖಲೆ) ತೋರಿಸಿದರು. ರಾತ್ರಿಯಿಡೀ ನನ್ನ ಲ್ಯಾಪ್‌ಟಾಪ್ ಯಾವುದೋ ಒಂದೇ ವಿಳಾಸವನ್ನು ಬಿಡದೆ ಸಂಪರ್ಕಿಸುತ್ತಿತ್ತು. "ಕ್ಲೀನ್ ಮಾಡ್ಕೊಂಡ್ ಬರ್ರಿ, ತೆಗೀತೀನಿ" ಅಂದರು, ಅಷ್ಟೇ. ಅವರ ತಪ್ಪೇನಿಲ್ಲ. ಒಂದು ಯಂತ್ರವನ್ನು ಹಾಗೇ ಬಿಟ್ಟರೆ ಇಡೀ ಹಾಸ್ಟೆಲ್‌ಗೆ ಹರಡಬಹುದು.

ಫಾರ್ಮ್ಯಾಟ್ ಮಾಡಿಸಲು ಹೋದಾಗ ಕಂಪ್ಯೂಟರ್ ಅಂಗಡಿಯಾತನಿಗೆ ಬಾಯಿಬಿಟ್ಟು ಹೇಳಿದ್ದೆ: "ಅಣ್ಣಾ, ಲ್ಯಾಪ್‌ಟಾಪ್ ಜೊತಿ ಬಂದ ವಿಂಡೋಸೇ ಹಾಕ್ರಿ." "ಒರಿಜಿನಲ್ಲೇ ಹಾಕ್ತೀನ್ರಿ ಸರ್, ಸಂಜಿಗಿ ಬಂದು ಒಯ್ರಿ" ಅಂದ. 600 ರೂಪಾಯಿ ತೆಗೆದುಕೊಂಡ. ಕೇಳದಿದ್ದರೂ ಆಫೀಸ್, ಫೋಟೋಶಾಪ್ ಎಲ್ಲ ಹಾಕಿ ಕೊಟ್ಟಿದ್ದ. ಆ ಧಾರಾಳತನದ ಗುಟ್ಟು ಆಮೇಲೆ ತಿಳಿಯಿತು.

ಬ್ಲಾಕ್ ತೆಗೆದರು, ವಾರ ಕಳೆಯುವುದರೊಳಗೆ ಮತ್ತೆ ಬಿತ್ತು. ಈ ಸಲ ಸರ್ ಲ್ಯಾಪ್‌ಟಾಪನ್ನೇ ಮುಂದಿಟ್ಟುಕೊಂಡು ಕೂತರು. ವಿಂಡೋಸ್ ಸೆಕ್ಯುರಿಟಿ ತೆರೆದರೆ ಎಲ್ಲ ಕಡೆ ಹಸಿರು ಟಿಕ್. ವೈರಸ್ ಸೆಟ್ಟಿಂಗ್ಸ್‌ನಲ್ಲಿ ತೀರಾ ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತದೆ, ಅದನ್ನು ಒತ್ತಿದರು. ಅಲ್ಲಿದ್ದದ್ದು ಒಂದೇ ಸಾಲು: ಸಿ ಡ್ರೈವ್. ಅಂದರೆ ಇಡೀ ಸಿ ಡ್ರೈವ್ ಕಡೆ ಕಣ್ಣು ಹಾಕಬೇಡ ಅಂತ ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ಗೆ ಹೇಳಿಡಲಾಗಿತ್ತು. ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡುವ ಕ್ರ್ಯಾಕ್ ಆಕ್ಟಿವೇಟರ್ ಹಾಕಿದ ಕೂಡಲೇ ಡಿಫೆಂಡರ್ ಅದನ್ನು ಹಿಡಿದು ಅಳಿಸುತ್ತದಲ್ಲ, ಅದಕ್ಕೇ ಈ ಉಪಾಯ. ಕಳ್ಳನನ್ನು ಒಳಗೆ ಬಿಟ್ಟುಕೊಳ್ಳಲು ನಾಯಿಗೆ ನಿದ್ದೆ ಮಾತ್ರೆ ಹಾಕಿದಂತೆ.

ಆಕ್ಟಿವೇಷನ್ ಪುಟದಲ್ಲಿ ಇನ್ನೊಂದು ತಮಾಷೆ. 'ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವಿಸ್ ಮೂಲಕ' ವಿಂಡೋಸ್ ಚಾಲೂ ಆಗಿದೆ ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್‌ಗೆ ಯಾವ ಸಂಸ್ಥೆ? ದೊಡ್ಡ ಕಂಪನಿಗಳು ತಮ್ಮ ಕಂಪ್ಯೂಟರ್‌ಗಳನ್ನೆಲ್ಲ ಆಕ್ಟಿವೇಟ್ ಮಾಡಿಕೊಳ್ಳಲು ಇರುವ ಕೆಎಂಎಸ್ ವ್ಯವಸ್ಥೆಯನ್ನು ನಕಲು ಮಾಡುವ ಕ್ರ್ಯಾಕ್ ಅದು. ಈ ಥರದ ಆಕ್ಟಿವೇಷನ್ 180 ದಿನ ಮಾತ್ರ ನಡೆಯುವುದರಿಂದ ಆ ಕ್ರ್ಯಾಕ್ ಹಿನ್ನೆಲೆಯಲ್ಲಿ ಕೂತು ಅದನ್ನು ನವೀಕರಿಸುತ್ತಲೇ ಇರಬೇಕು. ಅಸಲಿಗೆ ಇದ್ಯಾವುದೂ ಬೇಕಿರಲಿಲ್ಲ. ವಿಂಡೋಸ್ ಸಮೇತ ಮಾರಾಟವಾಗುವ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಜೊತೆಗೆ ಬಂದ ಆವೃತ್ತಿಯನ್ನೇ (ನನ್ನದು ಹೋಮ್) ಹಾಕಿ ನೆಟ್‌ಗೆ ಜೋಡಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಈತ ಹಾಕಿದ್ದು ಪ್ರೊ ಆವೃತ್ತಿ, ಅದಕ್ಕೆ ಆ ಕೀ ಹೊಂದುವುದಿಲ್ಲ.

ಕೇಳಲು ಹೋದರೆ, "ಎಲ್ಲಾರಿಗೂ ಇದೇ ಹಾಕ್ಲತ್ತೀವ್ರಿ, ಯಾರೂ ಏನೂ ಅಂದಿಲ್ಲ" ಅಂದ. ರೊಕ್ಕ ವಾಪಸ್ ಬರಲಿಲ್ಲ.

ಎರಡನೇ ಬ್ಲಾಕ್ ತೆಗೆಸುವುದು ಮೊದಲಿನಷ್ಟು ಸಲೀಸಲ್ಲ. ಎಚ್‌ಒಡಿ ಸಹಿ, ಮುಚ್ಚಳಿಕೆ, ಸ್ಕ್ಯಾನ್ ರಿಪೋರ್ಟ್ ಎಲ್ಲ ಕೇಳಿದರು. ಅಷ್ಟು ದಿನ ಕ್ಯಾಂಪಸ್ ನೆಟ್‌ನಲ್ಲಿ ಮಾತ್ರ ತೆರೆಯುವ ಜರ್ನಲ್‌ಗಳಿಗಾಗಿ ಲೈಬ್ರರಿ ಕಂಪ್ಯೂಟರ್ ಮುಂದೆ ಸರದಿ ಕಾಯಬೇಕಾಯಿತು. ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ಮ್ಯಾಕ್ ಅಡ್ರೆಸ್ ಬದಲಿಸಿಬಿಡು ಅಂತ ರೂಮಿನವನೊಬ್ಬ ಅಂದ. ಆ ಕಡೆ ಹೋಗಲೇಬೇಡಿ. ವೈರಸ್ ಅಲ್ಲೇ ಇರುತ್ತದೆ, ಲಾಗಿನ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಮತ್ತೆ ಸಿಕ್ಕಿಬಿದ್ದರೆ ಬೇಕಂತಲೇ ತಪ್ಪಿಸಿಕೊಂಡಿದ್ದಾನೆ ಅಂತಾಗುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಇದು. ಸರ್ ಕೊಟ್ಟ ಒಳ್ಳೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟ್‌ನಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ವಿಂಡೋಸ್ ಹಾಕಲು 8 ಜಿಬಿಯ ಹೊಸ ಪೆನ್‌ಡ್ರೈವ್ ತಯಾರು ಮಾಡಿದೆವು. ವರ್ಡ್, ಪಿಡಿಎಫ್, ಡೇಟಾ ಫೈಲ್‌ಗಳನ್ನು ಮಾತ್ರ ಬ್ಯಾಕಪ್ ತೆಗೆದು, ಶಾರ್ಟ್‌ಕಟ್ ಮತ್ತು ಸೆಟಪ್ ಫೈಲ್‌ಗಳನ್ನು ಮುಟ್ಟದೆ, ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಹೋಮ್ ಹಾಕಿದೆವು. ಸಿ ಒಂದನ್ನೇ ಅಳಿಸಿ ಡಿ ಡ್ರೈವ್ ಉಳಿಸಿಕೊಂಡರೆ ಅದರೊಳಗಿನ ಹಳೇ ಸೆಟಪ್ ಫೈಲ್‌ಗಳ ಮೂಲಕ ವೈರಸ್ ತಿರುಗಿ ಬರಬಹುದು. ಆಮೇಲೆ ಸ್ಕ್ಯಾನ್ ಮಾಡಿದೆವು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ, ಬಾಟ್ (ನಮ್ಮ ಯಂತ್ರವನ್ನು ದೂರದಿಂದ ಆಡಿಸುವ ವೈರಸ್) ತೆಗೆಯುವ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತದೆ. ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಮೊಬೈಲ್‌ನಿಂದ ಬದಲಿಸಿದೆ. ವೈರಸ್ ಇರುವ ಲ್ಯಾಪ್‌ಟಾಪ್‌ನಲ್ಲೇ ಕೂತು ಬದಲಿಸಿದರೆ ಹೊಸದೂ ಕಳ್ಳರ ಕೈಸೇರಬಹುದು. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗಾಗಲೇ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡವರು ಇವತ್ತೇ ಎಕ್ಸ್‌ಕ್ಲೂಷನ್ಸ್ ಪಟ್ಟಿ, ಆಕ್ಟಿವೇಷನ್ ಪುಟ ಎರಡನ್ನೂ ತೆರೆದು ನೋಡಿ. ನಮ್ಮ ಫ್ಲೋರ್‌ನಲ್ಲಿ ನೋಡಿದವರಲ್ಲಿ ಅದೇ ಅಂಗಡಿಗೆ ಹೋಗಿದ್ದವರೆಲ್ಲರ ಪಟ್ಟಿಯಲ್ಲೂ ಸಿ ಡ್ರೈವ್ ಇತ್ತು.