ಪಕ್ಕದಲ್ಲಿ ಕಟ್ಟಡ ಕೆಲಸ, ಮನೆಯಲ್ಲಿ ಏರ್ ಪ್ಯೂರಿಫೈಯರ್: ಎರಡು ಬೇಸಿಗೆ ಬಳಸಿದ ಮೇಲೆ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಪಶ್ಚಿಮಕ್ಕೆ, ಕಾಂಪೌಂಡಿಗೆ ತಾಗಿದ ಹಾಗೇ ಅಪಾರ್ಟ್‌ಮೆಂಟ್ ಏಳುತ್ತಿದೆ. ಅತ್ತೆಯವರಿಗೆ ಮೊದಲೇ ದಮ್ಮು. ಅವರಿಗಾಗಿ ಹೆಪಾ ಫಿಲ್ಟರಿನ, ಅಂದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರಿನ, ಏರ್ ಪ್ಯೂರಿಫೈಯರ್ ತಂದೆವು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಆ ನಾಲ್ಕೂ ಬಾಗಿಲು ಹಾಕಿದ ಒಂದೇ ಕೋಣೆಗೆ. ಇಡೀ ಮನೆಗೆ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಕೊಳ್ಳುವಾಗ ಬ್ರಾಂಡಿಗಿಂತ ಎರಡು ವಿಷಯ ನೋಡಿ. ಫಿಲ್ಟರ್ ಎಚ್13 ದರ್ಜೆಯದಿರಲಿ. ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳನ್ನೂ ಅದು ಶೇ. 99.95ರಷ್ಟು ತಡೆಯುತ್ತದೆ. ಇನ್ನೊಂದು ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಸೋಸಲು 205 ಬೇಕು. ನಾವು 300ರದ್ದು ತಂದೆವು. ಪೂರ್ತಿ ವೇಗದಲ್ಲಿ ಸದ್ದು ಜಾಸ್ತಿ, ಅತ್ತೆಯವರಿಗೆ ನಿದ್ದೆ ಬರುವುದಿಲ್ಲ. ನಡುವಿನ ವೇಗದಲ್ಲೇ ಕೆಲಸ ಸಾಗಬೇಕು, ಅಲ್ವಾ? ಗಾಳಿಗೆ ವಿದ್ಯುತ್ ಕಣ ಬಿಡುವ ಅಯೋನೈಸರಿನ ಬಟನ್ ಇದ್ದರೆ ಆಫ್ ಮಾಡಿಡಿ. ಅದರಿಂದ ಓಝೋನ್ ಅನಿಲ ಹುಟ್ಟಬಹುದು, ದಮ್ಮಿನವರಿಗೆ ಅದು ಒಳ್ಳೆಯದಲ್ಲ.

ಟೈಲ್ಸ್ ಕಡಿಯುವ ದಿನ ಧೂಳು ಅಳೆಯುವ ಮೀಟರಿನಲ್ಲಿ ಪಿಎಂ2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಧೂಳು, ಮೂರಂಕಿ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ್ದು 60. ಬಾಗಿಲು ಹಾಕಿ ಮೆಷಿನ್ ಓಡಿಸಿದರೆ ಸ್ವಲ್ಪ ಹೊತ್ತಿಗೇ ಎರಡಂಕಿಗೆ ಇಳಿಯುತ್ತದೆ. ಅತ್ತೆಯವರ ರಾತ್ರಿ ಕೆಮ್ಮು ನಿಜವಾಗಿಯೂ ಕಡಿಮೆಯಾಗಿದೆ. ಇನ್‌ಹೇಲರ್ ಮಾತ್ರ ಡಾಕ್ಟರ್ ಹೇಳಿದಂತೆಯೇ ನಡೆದಿದೆ. ಮೆಷಿನ್ ಬಂತೆಂದು ಔಷಧಿ ಬಿಡಬೇಡಿ.

ದಪ್ಪ ಧೂಳು ಮಾತ್ರ ಮೆಷಿನ್ ತನಕ ಬರುವುದೇ ಇಲ್ಲ. ಅದಕ್ಕೂ ಮೊದಲೇ ನೆಲ, ಹಾಸಿಗೆ, ಕಿಟಕಿಯ ಸರಳಿನ ಮೇಲೆ ಕೂರುತ್ತದೆ. ಪೊರಕೆ ಹಿಡಿದರೆ ಮತ್ತೆ ಮೇಲೇಳುತ್ತದೆ. ಹಾಗಾಗಿ ನಮ್ಮಲ್ಲಿ ಈಗ ಒದ್ದೆ ಬಟ್ಟೆಯಲ್ಲೇ ಒರೆಸುವುದು.

ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಗಾಳಿಯ ಲೆಕ್ಕ. ಬೇಸಿಗೆಯಲ್ಲಿ ಇಲ್ಲಿ ಹಗಲು ಕಡಲಿನಿಂದ ಗಾಳಿ ಬೀಸುತ್ತದೆ, ಮಧ್ಯಾಹ್ನ ಜೋರು. ಕಟ್ಟಡದ ಧೂಳೆಲ್ಲ ಸೀದಾ ನಮ್ಮ ಮನೆಗೇ. ರಾತ್ರಿ, ಮುಂಜಾನೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಪೂರ್ವದ ಕಿಟಕಿಗಳನ್ನು ತೆರೆಯುತ್ತೇವೆ. ಕೆಲಸ ಶುರುವಾಗುವ ಮೊದಲು ಮುಚ್ಚುತ್ತೇವೆ. ಪಶ್ಚಿಮದ ಕಿಟಕಿ ಮಳೆ ಬೀಳುವ ತನಕ ಬಂದ್. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬಟ್ಟೆಯೂ ಬೆಳಗ್ಗೆಯೇ ಒಣಗಬೇಕು.

ಮಳೆಗಾಲದಲ್ಲಿ ಮೆಷಿನ್ ಬೇರೆಯೇ ಕಾಟ ಕೊಟ್ಟಿತು. ತೇವ ಜಾಸ್ತಿಯಾದಾಗ ಲೇಸರ್ ಸೆನ್ಸರ್ ನೀರಿನ ಹನಿಯನ್ನೂ ಧೂಳೆಂದೇ ಎಣಿಸುತ್ತದೆ, ಸುಮ್ನೆ ಕೆಂಪು ದೀಪ ಉರಿಯುತ್ತದೆ. ಬಂಗಡೆ ಹುರಿದರೂ ಕೆಂಪು, ಆದರೆ ಆ ಹೊಗೆ ನಿಜವಾದದ್ದೇ. ಫಿಲ್ಟರಿಗೆ ಮುಗ್ಗಲು ವಾಸನೆಯೂ ಬಂತು. ಹೊರಗಿನ ಜಾಲರಿಯನ್ನು ತೊಳೆಯಬಹುದು, ಪೂರ್ತಿ ಒಣಗಿಸಿಯೇ ಹಾಕಿ. ಹೆಪಾವನ್ನು ತೊಳೆದರೆ ಹಾಳು. ಹೊಸ ಫಿಲ್ಟರಿನ ಬೆಲೆ ಮೆಷಿನ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಧೂಳಿನ ಊರಲ್ಲಿ ಕಂಪನಿ ಹೇಳುವಷ್ಟು ಕಾಲ ಅದು ಬರುವುದಿಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ. ಕರೆಂಟಿನ ಚಿಂತೆ ಬೇಡ. 45 ವಾಟ್ಸಿನ ಮೆಷಿನ್ ಹತ್ತು ಗಂಟೆ ಓಡಿದರೂ ಅರ್ಧ ಯೂನಿಟ್ ಆಗುವುದಿಲ್ಲ.

ಸೈಟಿನ ಮೇಸ್ತ್ರಿಯ ಹತ್ತಿರವೂ ಮಾತಾಡಿ. ಗ್ರಾನೈಟ್, ಕಾಂಕ್ರೀಟ್ ಕಡಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ನಮಗಿಂತ ಮೊದಲು ಅದನ್ನು ಉಸಿರಾಡುವವರು ಕಟ್ಟರ್ ಹಿಡಿದ ಹುಡುಗರು. ಹೆಚ್ಚಿನವರ ಮುಖಕ್ಕೆ ಒಂದು ಟವೆಲ್ ಅಷ್ಟೇ. ನೀರು ಬಿಟ್ಟು ಕಡಿಯಿರಿ ಎಂದೆ, ನಮ್ಮ ನಲ್ಲಿಯಿಂದಲೇ ಪೈಪ್ ಕೊಟ್ಟೆ. "ಆಯ್ತು ಅಕ್ಕ" ಎಂದರು, ಬಹುಪಾಲು ದಿನ ಹಾಗೆಯೇ ಮಾಡುತ್ತಾರೆ. ಹುಡುಗರಿಗೆ ಎನ್95 ಮಾಸ್ಕ್ ಕೊಡಿಸಿ ಎಂದು ಕೇಳುತ್ತಲೇ ಇದ್ದೇನೆ, ಇನ್ನೂ ಆಗಿಲ್ಲ.

ಶಿರಸಿಯಲ್ಲಿರುವ ತಂಗಿಯೂ ಒಂದು ತರಲೇ ಎಂದು ಕೇಳಿದಳು. ಅವರದು ಹೆಂಚಿನ ಮನೆ, ಮಲಗುವ ಕೋಣೆಗೆ ಸೀಲಿಂಗ್ ಇಲ್ಲ. ಹೆಂಚಿನ ಸಂದಿಯಲ್ಲಿ ಗಾಳಿ ಆಡುವ ಕೋಣೆಯಲ್ಲಿ ಈ ಮೆಷಿನ್ ಎಷ್ಟು ಸೋಸಿದರೂ ಸಾಲದು. ಮೊದಲು ಆ ಒಂದು ಕೋಣೆಗೆ ಸೀಲಿಂಗ್ ಹಾಕಿಸು, ಆಮೇಲೆ ಮೆಷಿನ್ ನೋಡೋಣ ಎಂದಿದ್ದೇನೆ.